ಡಬ್ಬಿ, ಚಾರ್ಟು, ಉಸಿರಿನ ಲೆಕ್ಕ: ಮೊದಲ ಮೂರು ವಾರ

ದಿನ 1. ಹತ್ತು ಕೆ.ಜಿ.ಯ ಪಾಮೇರಿಯನ್ ನಾಯಿ. ಹೃದಯದ ಎಡಭಾಗದ ಮೈಟ್ರಲ್ ಕವಾಟ ಸೋರಿ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಡಾಕ್ಟರ್ ಚೀಟಿಯಲ್ಲಿ ಮೂರು ಔಷಧ: ಹೃದಯದ ಬಡಿತಕ್ಕೆ ಬಲ ಕೊಡುವ ಪಿಮೋಬೆಂಡಾನ್ 2.5 ಮಿ.ಗ್ರಾಂ ಮತ್ತು ಉಚ್ಚೆ ಹೆಚ್ಚಿಸಿ ನೀರು ಇಳಿಸುವ ಫ್ಯೂರೋಸೆಮೈಡ್ 20 ಮಿ.ಗ್ರಾಂ ಹನ್ನೆರಡು ಗಂಟೆಗೊಮ್ಮೆ, ರಕ್ತನಾಳ ಸಡಿಲಿಸುವ ಎನಲಾಪ್ರಿಲ್ 5 ಮಿ.ಗ್ರಾಂ ದಿನಕ್ಕೊಮ್ಮೆ. ಚಾರ್ಟಿನಲ್ಲಿ "ಅರ್ಧ ಗುಳಿಗೆ" ಎಂದಷ್ಟೇ ಬರೆದರೆ ಸಾಲದು, ಮಿ.ಗ್ರಾಂ ಇರಲೇಬೇಕು. ಲ್ಯಾಸಿಕ್ಸ್ 40, ಅಂದರೆ 40 ಮಿ.ಗ್ರಾಂ ಫ್ಯೂರೋಸೆಮೈಡ್ ಗುಳಿಗೆಯಲ್ಲಿ ಅರ್ಧ ಸರಿ. ಹೆಸರಿನ ಗೊಂದಲದಲ್ಲಿ ಲ್ಯಾಸಿಲ್ಯಾಕ್ಟೋನ್ 50 ಕೈಗೆ ಬಂದರೆ ಅದರೊಳಗೆ ಫ್ಯೂರೋಸೆಮೈಡ್ 20, ಜೊತೆಗೆ ಸ್ಪೈರೊನೊಲ್ಯಾಕ್ಟೋನ್ ಎಂಬ ಇನ್ನೊಂದು ಔಷಧ 50. ಅದರ ಅರ್ಧ ಬೇರೆಯೇ ಲೆಕ್ಕ.

ದಿನ 3. ಪಿಮೋಬೆಂಡಾನ್ ಮೊಸರನ್ನದಲ್ಲಿ ಸೇರಿಸಿ ಹಾಕುವುದು ನಿಂತಿತು. ಊಟದ ಜೊತೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಈಗ ಆರಕ್ಕೆ ಗುಳಿಗೆ, ಏಳಕ್ಕೆ ಊಟ, ಎರಡೂ ಹೊತ್ತು. ನೀರಿನ ಬಟ್ಟಲು ಯಾವಾಗಲೂ ತುಂಬಿರುತ್ತದೆ. ಉಚ್ಚೆ ಜಾಸ್ತಿಯಾಯಿತೆಂದು ಬಟ್ಟಲು ಎತ್ತಿಟ್ಟರೆ ನೆಲ ಒಣಗಿರುತ್ತದೆ, ಕಿಡ್ನಿ ಹಾಳಾಗುತ್ತದೆ.

ದಿನ 6. ಗಾಢ ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 24, 22, 26. ಎಣಿಸುವ ಕ್ರಮ: ಎದೆ ಏರಿ ಇಳಿದರೆ ಒಂದು, ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸುವುದು. ನಾಲಿಗೆ ಚಾಚಿ ಏದುವಾಗಲೋ ಕನಸಿನಲ್ಲಿ ಕಾಲಾಡಿಸುವಾಗಲೋ ಎಣಿಸಿದ್ದು ಲೆಕ್ಕಕ್ಕಿಲ್ಲ. 30 ದಾಟಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಕೆ, ಆಗಲೂ ಇಳಿಯದಿದ್ದರೆ ಅವತ್ತೇ ಫೋನು. ಒಸಡು ನೀಲಿಯಾದರೆ ಫೋನೂ ಬೇಡ, ನೇರ ಆಸ್ಪತ್ರೆಗೆ. ಇಡೀ ಚಾರ್ಟಿನಲ್ಲಿ ಹೆಚ್ಚು ಕೆಲಸಕ್ಕೆ ಬರುವ ಕಾಲಂ ಇದೇ.

ದಿನ 10. ರಕ್ತಪರೀಕ್ಷೆ. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 1.0ರಿಂದ 1.2, ಪೊಟ್ಯಾಸಿಯಮ್ ಮಿತಿಯೊಳಗೆ, ಡೋಸ್ ಬದಲಿಲ್ಲ. ಫ್ಯೂರೋಸೆಮೈಡ್, ಎನಲಾಪ್ರಿಲ್ ಎರಡೂ ಕಿಡ್ನಿಯ ಮೇಲೆ ಒತ್ತಡ ಹಾಕುವುದರಿಂದ ಒಂದೆರಡು ವಾರದಲ್ಲೇ ನೋಡಬೇಕು. ವಾಂತಿ, ಭೇದಿಯಾದರೆ ಅಥವಾ ಊಟ ಬಿಟ್ಟರೆ ಮುಂದಿನ ಡೋಸಿಗೆ ಮೊದಲೇ ಡಾಕ್ಟರನ್ನು ಕೇಳಬೇಕು. ಮನೆಯಲ್ಲಿದ್ದ ನೋವಿನ ಔಷಧ ಮೆಲಾಕ್ಸಿಕ್ಯಾಮ್ ಹೊರಗೆ ಹೋಯಿತು: ಕುಂಟಿದರೂ ಈ ಜೋಡಿಯ ಮೇಲೆ ಅದು ಕೂಡದು.

ದಿನ 15. ಮರೆತ ಡೋಸನ್ನು ಮುಂದಿನದರ ಜೊತೆ ಸೇರಿಸಿ ಕೊಡಬಾರದೆಂದು ಔಷಧದ ಡಬ್ಬಿಯ ಮುಚ್ಚಳದ ಮೇಲೇ ಬರೆದಿದೆ. ಉಪ್ಪು ಹೆಚ್ಚಿರುವ ಹಪ್ಪಳ, ಉಪ್ಪಿನಕಾಯಿ ಬಂದ್.

ದಿನ 21. ಅದೇ ಮನೆಯ ಬೆಕ್ಕು, ನಾಲ್ಕು ಕೆ.ಜಿ., ಹೃದಯದ ಗೋಡೆ ದಪ್ಪ. ಡಬ್ಬಿಯೂ ಚಾರ್ಟೂ ಬೇರೆ. ಫ್ಯೂರೋಸೆಮೈಡ್ 4 ಮಿ.ಗ್ರಾಂ ಎಂದರೆ 40ರ ಗುಳಿಗೆಯ ಹತ್ತನೇ ಒಂದು ಭಾಗ, ಬ್ಲೇಡಿನಿಂದ ಅದಾಗುವುದಿಲ್ಲ. ಮಿ.ಲೀ.ಗೆ 10 ಮಿ.ಗ್ರಾಂ ಇರುವ ದ್ರಾವಣವಾದರೆ 1 ಮಿ.ಲೀ. ಸಿರಿಂಜಿನಲ್ಲಿ 0.4. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೊಗ್ರೆಲ್ 75ರ ಕಾಲು ಭಾಗ ಬಾಯಿಗೆ ತಾಗಿದರೆ ಕಹಿಗೆ ನೊರೆ ಸುರಿಸುತ್ತದೆ, ಹಾಗಾಗಿ ಖಾಲಿ ಜೆಲಟಿನ್ ಕ್ಯಾಪ್ಸೂಲ್. ನಾಯಿಯ ಪಿಮೋಬೆಂಡಾನ್ ಇದಕ್ಕೆ ಸದ್ಯಕ್ಕಿಲ್ಲ; ಹೃದಯದಿಂದ ರಕ್ತ ಹೊರಬೀಳುವ ದಾರಿ ಕಟ್ಟಿಕೊಂಡಿದೆಯೇ ಎಂದು ಎಕೋದಲ್ಲಿ (ಹೃದಯದ ಸ್ಕ್ಯಾನ್) ನೋಡಿದ ಮೇಲಷ್ಟೇ. ಎಕೋ ಗುರುವಾರ.