ಹಿಂಬದಿಯ ಬರ್
ಬಾಲ್ಕನಿಯ ಶೆಲ್ಫಿಗೆ ಅಂತ 2 ಎಂಎಂ ಅಲ್ಯೂಮಿನಿಯಂ ಶೀಟಿನಲ್ಲಿ 12 ತೂತು ಕೊರೆದೆ. ಮೇಲಿಂದ ನೋಡಿದರೆ ಎಲ್ಲ ನೀಟು. ಹಿಂಬದಿ ಸವರಿದೆ ನೋಡಿ, ತೂತಿನ ಅಂಚಲ್ಲಿ ಎದ್ದುನಿಂತ ಚೂಪು ಲೋಹ, ಅಂದರೆ ಬರ್, ಸರಕ್ಕನೆ ಬೆರಳು ಕೊಯ್ದುಬಿಟ್ಟಿತು! ಡ್ರಿಲ್ ಬಿಟ್ ಹೊರಬರುವ ಕಡೆ ಲೋಹ ಪೂರ್ತಿ ಕತ್ತರಿಸದೆ ಬಾಗಿ ನಿಲ್ಲುತ್ತದೆ, ಬಿಟ್ ಮೊಂಡಾಗಿದ್ದರೆ ಇನ್ನೂ ಜಾಸ್ತಿ, ನನ್ನದಂತೂ ಸಾಣೆ ಕಂಡು ವರ್ಷವಾಯಿತು. ಅಡಿಗೆ ಮರದ ತುಂಡು ಕೊಟ್ಟು ಬಿಗಿಯಾಗಿ ಕ್ಲಾಂಪ್ ಮಾಡಿದ್ದರೆ ಇಷ್ಟೊಂದು ಏಳುತ್ತಿರಲಿಲ್ಲ. ಆಮೇಲೆ 6 ಎಂಎಂ ತೂತಿಗೆ 12 ಎಂಎಂ ಬಿಟ್ಟನ್ನು ಕೈಯಲ್ಲೇ ಹಿಡಿದು ಎರಡು ಸುತ್ತು ತಿರುಗಿಸಿದೆ, ಅಂಚು ನುಣುಪಾಯಿತು. ಪೀಣ್ಯದ ವರ್ಕ್‌ಶಾಪಿನಲ್ಲಿ ಟ್ರೈನಿಯಾಗಿದ್ದಾಗ ದಿನವಿಡೀ ಇದೇ ಕೆಲಸ ಕೊಡುತ್ತಿದ್ದರು. ಸುಮ್ನೆ ಕೂರಿಸಬಾರದು ಅಂತ ಕೊಟ್ಟಿದ್ದಾರೆ ಅಂದುಕೊಂಡು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಕೈಗಂತೂ ಅದು ಮರೆತಿಲ್ಲ ಅಲ್ವಾ. ಇನ್ನೂ 4 ತೂತಿನ ಅಂಚು ಬಾಕಿ, ಬ್ಯಾಂಡೇಜ್ ಬೆರಳಲ್ಲೇ ಮುಗಿಸಬೇಕು.