ಹಾಡುಗಾರ ಒಳ್ಳೆ ಅಪ್ಪ ಆಗೋಕಾಗುತ್ತಾ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಮ್ಯೂಸಿಕ್ ಬಗ್ಗೆ ಬರೀತೀನಿ ಅಂತ ಗೊತ್ತಾದ ತಕ್ಷಣ ಜನ ಕೇಳೋದು ಇದನ್ನೇ. ದೊಡ್ಡ ದೊಡ್ಡ ಹಾಡುಗಾರರೆಲ್ಲ ಮನೆ ಹಾಳು ಮಾಡ್ಕೊಂಡವರೇ ಅಲ್ವಾ, ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನೋ ಥರ, ಹೆಂಡ್ತಿ ಮಕ್ಕಳನ್ನ ಸರಿಯಾಗಿ ನೋಡ್ಕೊಂಡವರು ಒಬ್ರಾದ್ರೂ ಇದ್ದಾರಾ ಹೇಳಿ ನೋಡೋಣ ಅಂತ. ವಾದ ಮಾಡೋಕೆ ಹೋಗಲ್ಲ ನಾನು, ಹಾಳು ಮಾಡ್ಕೊಂಡವರ ಲಿಸ್ಟು ನಿಜವಾಗ್ಲೂ ಉದ್ದ ಇದೆ. ಆದ್ರೆ ಒಂದು ಹೆಸರು ಹೇಳಿ ಅಂದ್ರೆ ಹೇಳ್ತೀನಿ: ರೋಬಕ್ ಸ್ಟೇಪಲ್ಸ್. ಜನ ಪಾಪ್ಸ್ ಅಂತಾನೇ ಕರೀತಿದ್ರು. ಅಮೆರಿಕದ ಗಾಸ್ಪೆಲ್ (ಕಪ್ಪು ಜನರ ಚರ್ಚುಗಳ ಭಕ್ತಿಗೀತೆ) ಗಾಯಕ, ಗಿಟಾರಿಸ್ಟ್, ಸ್ಟೇಪಲ್ ಸಿಂಗರ್ಸ್ ಅನ್ನೋ ಫ್ಯಾಮಿಲಿ ಗ್ರೂಪಿನ ಯಜಮಾನ. ಅವರು ಮನೆಗೊಂದಿಷ್ಟು ಟೈಮು ಸಂಗೀತಕ್ಕೊಂದಿಷ್ಟು ಟೈಮು ಅಂತ ಹಂಚಿ ಗೆದ್ದವರಲ್ಲ, ಅವರ ಮನೆಯೇ ಅವರ ಬ್ಯಾಂಡು, ಅದಕ್ಕೇ ಅವರ ಕಥೆ ನನಗೆ ಇಷ್ಟ.

ಹುಟ್ಟಿದ್ದು 1914ರಲ್ಲಿ, ಮಿಸಿಸಿಪ್ಪಿಯಲ್ಲಿ, 14 ಮಕ್ಕಳಲ್ಲಿ ಕೊನೆಯವರು. ಬೆಳೆದಿದ್ದು ಡಾಕರಿ ಪ್ಲಾಂಟೇಶನ್ ಅನ್ನೋ ದೊಡ್ಡ ಹತ್ತಿ ತೋಟದಲ್ಲಿ. ಬ್ಲೂಸ್, ಅಂದ್ರೆ ದಕ್ಷಿಣದ ಕಪ್ಪು ಜನರ ಕಷ್ಟಸುಖದ ಹಾಡು, ಅದರ ಬಗ್ಗೆ ಸ್ವಲ್ಪ ಓದಿದವರಿಗೆ ಆ ಹೆಸರು ಕೇಳಿದ್ರೇನೇ ಕಿವಿ ನೆಟ್ಟಗಾಗುತ್ತೆ, ಯಾಕಂದ್ರೆ ಬ್ಲೂಸಿನ ಹಳೇ ದೊಡ್ಡ ಗಿಟಾರಿಸ್ಟ್ ಚಾರ್ಲಿ ಪ್ಯಾಟನ್ ಇದ್ದಿದ್ದು, ನುಡಿಸ್ತಿದ್ದಿದ್ದು ಅಲ್ಲೇ. ಹುಡುಗ ರೋಬಕ್ ಗಿಟಾರ್ ಕಲಿತಿದ್ದು ಅವನನ್ನ ನೋಡ್ಕೊಂಡು. ವಾರದ ದಿನ ಹತ್ತಿ ಬಿಡಿಸೋದು, ಶನಿವಾರ ರಾತ್ರಿ ಬ್ಲೂಸ್, ಭಾನುವಾರ ಚರ್ಚು. ಬ್ಲೂಸ್ ಅಂದ್ರೆ ಸೈತಾನನ ಸಂಗೀತ ಅಂತ ಚರ್ಚಿನವರು ಬೈತಿದ್ದ ಕಾಲ ಅದು. ಇವರ ಬೆರಳಿಗೆ ಬ್ಲೂಸ್ ಅಂಟ್ಕೊಂಡಿತ್ತು, ಬಾಯಲ್ಲಿ ಮಾತ್ರ ದೇವರ ಹಾಡು. ಮುಂದೆ ಅವರ ಗ್ರೂಪು ಬೇರೆ ಗಾಸ್ಪೆಲ್ ಗ್ರೂಪುಗಳ ಥರ ಕೇಳಿಸದೇ ಇರೋದಕ್ಕೆ ಅರ್ಧ ಕಾರಣ ಇದೇ.

ಓಸಿಯೋಲಾ ಅವರನ್ನ ಮದುವೆಯಾಗಿ, ಕ್ಲಿಯೋಥಾ, ಪರ್ವಿಸ್ ಅಂತ ಎರಡು ಮಕ್ಕಳಾದ ಮೇಲೆ, ತೋಟದಲ್ಲಿ ಎಷ್ಟು ದುಡಿದ್ರೂ ಸಾಲ ತೀರಲ್ಲ ಅಂತ 1930ರ ದಶಕದ ಮಧ್ಯದಲ್ಲಿ ಶಿಕಾಗೋಗೆ ಹೋದ್ರು. ಆಗ ದಕ್ಷಿಣದಿಂದ ಲಕ್ಷಾಂತರ ಕಪ್ಪು ಜನ ಹೀಗೇ ಉತ್ತರದ ಊರುಗಳಿಗೆ ಹೊರಟಿದ್ರು. ಅಲ್ಲಿ ಕಸಾಯಿಖಾನೆಯಲ್ಲಿ ಕೆಲಸ, ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ, ಸಿಕ್ಕಿದ್ದನ್ನೆಲ್ಲ ಮಾಡಿದ್ರು. ಹೆಣ್ಣುಮಕ್ಕಳು ಇವಾನ್, ಮೇವಿಸ್ ಹುಟ್ಟಿದ್ದು ಶಿಕಾಗೋದಲ್ಲೇ. ಹೊಟ್ಟೆಪಾಡಿನ ನಡುವೆ ಗಿಟಾರ್ ವರ್ಷಗಟ್ಟಲೆ ಮೂಲೆ ಸೇರಿತ್ತು.

ಟ್ರಂಪೆಟ್ ಜುಬಿಲೀಸ್ ಅಂತ ಒಂದು ಗಂಡಸರ ಗ್ರೂಪಲ್ಲಿ ಹಾಡ್ತಿದ್ರು. ರಿಹರ್ಸಲ್‌ಗೆ ಇವರು ಟೈಮಿಗೆ ಸರಿಯಾಗಿ ಹೋಗೋರು, ಮಿಕ್ಕವರು ಒಂದಿಬ್ರು ಬಂದ್ರೆ ಬಂದ್ರು ಇಲ್ಲಾಂದ್ರೆ ಇಲ್ಲ. 1948ರಲ್ಲಿ ಒಂದಿನ ತಲೆಕೆಟ್ಟು ಮನೆಗೆ ಬಂದವರೇ ಕಪಾಟಿನಿಂದ ಗಿರವಿ ಅಂಗಡಿಯಲ್ಲಿ ಕೊಂಡಿದ್ದ ಗಿಟಾರ್ ತೆಗೆದ್ರು, ಮಕ್ಕಳನ್ನ ಹಾಲ್‌ನಲ್ಲಿ ನೆಲದ ಮೇಲೆ ಸುತ್ತಲೂ ಕೂರಿಸಿದ್ರು, ತಾನು ಚಿಕ್ಕವನಿದ್ದಾಗ ಅಣ್ಣ ಅಕ್ಕಂದಿರ ಜೊತೆ ಹಾಡ್ತಿದ್ದ ಸ್ವರಗಳನ್ನ ಒಂದೊಂದು ತಂತಿ ಮೀಟಿ ತೋರಿಸ್ತಾ ನಿಂಗಿದು ನಿಂಗಿದು ಅಂತ ಹಂಚಿದ್ರು. ಮೇವಿಸ್‌ಗೆ ಆಗ ಎಂಟೋ ಒಂಬತ್ತೋ ವರ್ಷ. ಮನೆಯಲ್ಲಿದ್ದ ಮಕ್ಕಳ ಅತ್ತೆ ಕೇಟಿ ಇದನ್ನ ಕೇಳಿ ತನ್ನ ಚರ್ಚಿಗೆ ಕರ್ಕೊಂಡು ಹೋದ್ರಂತೆ. ಅಲ್ಲಿ ಜನ ಚಪ್ಪಾಳೆ ತಟ್ಟಿ ತಟ್ಟಿ ಮತ್ತೆ ಮತ್ತೆ ವಾಪಸ್ ಕರೆದ್ರು, ಇವರಿಗೆ ಬರ್ತಿದ್ದಿದ್ದು ಒಂದೇ ಹಾಡು, ಅದನ್ನೇ ತಿರುಗಾ ಹಾಡಿದ್ರು. ಮನೆಗೆ ಹೋಗಿ ಇನ್ನೊಂದಿಷ್ಟು ಹಾಡು ಕಲೀಬೇಕು ಅಂತ ಪಾಪ್ಸ್ ಅಂದ್ರಂತೆ. ಮೇವಿಸ್ ಇದನ್ನ ಎಷ್ಟು ಸಲ ಹೇಳಿದ್ರೂ ನಗ್ತಾನೇ ಹೇಳ್ತಾರೆ.

ಈಗ ಆ ಗಿಟಾರಿನ ಬಗ್ಗೆ. ಪಾಪ್ಸ್ ಆಂಪ್ಲಿಫೈಯರಿನಲ್ಲಿ ಟ್ರೆಮೊಲೊ ಹಾಕಿ ನುಡಿಸ್ತಿದ್ರು, ಅಂದ್ರೆ ಸದ್ದು ಒಂದೇ ಸಮ ಏರಿ ಇಳಿದು ಮಾಡುತ್ತೆ, ನೀರಲ್ಲಿ ಬಿದ್ದ ದೀಪದ ಬೆಳಕು ಅಲುಗಾಡೋ ಹಾಗೆ. ನೋಟುಗಳು ಬಹಳ ಕಮ್ಮಿ. ಒಂದು ಮೀಟಿ ಅದು ನಡುಗ್ತಾ ಇರೋವಾಗ ಮಕ್ಕಳ ದನಿಗೆ ಜಾಗ ಬಿಟ್ಟುಬಿಡೋದು. 1956ರಲ್ಲಿ ವೀ-ಜೇ ಕಂಪನಿಯಿಂದ ಬಂದ 'ಅನ್‌ಕ್ಲೌಡಿ ಡೇ' ಕೇಳಿ, ಗಿಟಾರು, ಅದರ ಮೇಲೆ ಆ ದನಿಗಳು, ಇನ್ನೇನೂ ಬೇಕಾಗಿಲ್ಲ. ಅದ್ರಲ್ಲಿ ಆ ದಪ್ಪ ಕೆಳದನಿ ಇದ್ಯಲ್ಲ, ಅದು ಹದಿಹರೆಯದ ಮೇವಿಸ್ ಅಂದ್ರೆ ಆಗಿನ ಜನ ನಂಬ್ತಾನೇ ಇರಲಿಲ್ಲವಂತೆ. ಗಿಟಾರಿಸ್ಟ್ ತನ್ನ ಕೈಚಳಕ ತೋರಿಸೋಕೆ ಹೊರಟಿದ್ರೆ ಆ ದನಿ ಹೀಗೆ ಕೇಳಿಸ್ತಿತ್ತಾ? ನನಗಂತೂ ಡೌಟು.

ರೆಕಾರ್ಡು ಚೆನ್ನಾಗಿ ಓಡಿತು, ಎಲ್ಲ ಕಡೆಯಿಂದ ಕರೆ ಬಂತು, ಆದ್ರೂ ಮೇವಿಸ್ ಹೈಸ್ಕೂಲು ಮುಗಿಸೋ ತನಕ ಫುಲ್ ಟೈಮ್ ಟೂರು ಮಾಡ್ಲಿಲ್ಲ. ಅವರ ಸ್ಕೂಲು ಮುಗಿದಿದ್ದು 1957ರಲ್ಲಿ. ಅಲ್ಲಿವರೆಗೆ ವೀಕೆಂಡಿಗೆ ಹಾಡೋದು, ಸೋಮವಾರ ಮಕ್ಕಳು ಸ್ಕೂಲಿಗೆ ಅಪ್ಪ ಕೆಲಸಕ್ಕೆ. ಓಡ್ತಿರೋ ಕುದುರೆ ಮೇಲೆ ದುಡ್ಡು ಕಟ್ಟದೇ ಇರೋ ಅಪ್ಪಂದಿರು ಆ ಲೈನಲ್ಲಿ ಎಷ್ಟು ಜನ ಸಿಗ್ತಾರೆ ಹೇಳಿ.

ಮನೆಯವರನ್ನ ಕಟ್ಕೊಂಡು ದಕ್ಷಿಣದ ರಸ್ತೆಗಳಲ್ಲಿ ಓಡಾಡೋದು ಸುಮ್ನೆ ಮಾತಲ್ಲ ಆಗ. ಕಪ್ಪು ಜನಕ್ಕೆ ಎಷ್ಟೋ ಹೋಟೆಲಲ್ಲಿ ರೂಮಿಲ್ಲ, ಊಟ ಇಲ್ಲ. ಮಾಂಟ್ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಪ್ರವಚನ ಕೇಳಿ ಬಂದ ಪಾಪ್ಸ್, ಮಕ್ಕಳನ್ನ ರೂಮಿಗೆ ಕರೆದು, ಇವರು ಇದನ್ನ ಪ್ರವಚನದಲ್ಲಿ ಹೇಳಬಹುದಾದ್ರೆ ನಾವು ಹಾಡಬಹುದು ಅಂದ್ರಂತೆ. ಅಲ್ಲಿಂದ ಅವರ ಹಾಡುಗಳ ದಿಕ್ಕೇ ಬದಲಾಯ್ತು. ಲಿಟಲ್ ರಾಕ್‌ನಲ್ಲಿ ಬಿಳಿಯರ ಸ್ಕೂಲಿಗೆ ಹೋಗೋಕೆ ಬಿಡದ ಒಂಬತ್ತು ಮಕ್ಕಳನ್ನ ನೋಡಿ ಒಂದು ಹಾಡು ಬರೆದ್ರು, ನಮ್ಮನ್ಯಾಕೆ ಹೀಗೆ ನಡೆಸ್ಕೋತೀರಾ ಅಂತ ಕೇಳೋ ಹಾಡು. ಕಿಂಗ್‌ಗೆ ಅದು ಅಚ್ಚುಮೆಚ್ಚು, ಭಾಷಣಕ್ಕೆ ಮುಂಚೆ ಅದನ್ನ ಹಾಡಿ ಅಂತ ಕೇಳೋರು. 1972ರಲ್ಲಿ 'ಐ ವಿಲ್ ಟೇಕ್ ಯು ದೇರ್' ಅಮೆರಿಕದ ಪಾಪ್ ಚಾರ್ಟಿನಲ್ಲಿ ನಂಬರ್ ಒನ್ ಆದಾಗ ಚರ್ಚಿನ ಕೆಲವರು ಇದು ಡ್ಯಾನ್ಸ್ ಹಾಡು, ದೇವರ ಹಾಡಲ್ಲ ಅಂತ ಮುಖ ತಿರುಗಿಸಿದ್ರು. ನನಗದು ಪಕ್ಕಾ ಗಾಸ್ಪೆಲ್ಲೇ, ಅಳೋರಿಲ್ಲದ ಜಾಗ ಒಂದಿದೆ ಬನ್ನಿ ಅನ್ನೋದು ಇನ್ನೇನು?

ಇಷ್ಟೆಲ್ಲ ಹೇಳಿ ಅವರ ಮನೆ ಸ್ವರ್ಗ ಅಂದ್ರೆ ಸುಳ್ಳಾಗುತ್ತೆ. ಪರ್ವಿಸ್ ಗ್ರೂಪು ಬಿಟ್ಟು ಹೋದ್ರು. ಎಲ್ಲರಿಗಿಂತ ಚಿಕ್ಕವಳು ಸಿಂಥಿಯಾ ಗ್ರೂಪಲ್ಲಿ ಹಾಡಿದವಳಲ್ಲ, 1973ರಲ್ಲಿ ತಾನೇ ಜೀವ ತಗೊಂಡಳು, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗಿ. ಅದಕ್ಕೆ ಕಾರಣ ಹುಡುಕೋ ಹಕ್ಕು ನಮಗಿಲ್ಲ ಅಂತ ನನ್ನ ಅನಿಸಿಕೆ. ಮತ್ತೆ ಓಸಿಯೋಲಾ. 1987ರಲ್ಲಿ ತೀರ್ಕೊಳ್ಳೋ ತನಕ ಪಾಪ್ಸ್ ಜೊತೆಗೇ ಇದ್ದವರು, ಸ್ಟೇಜಿನ ಹೆಸರಲ್ಲಿ ಇಲ್ಲ. ಪಾಪ್ಸ್‌ಗೆ ಒಳ್ಳೆ ಸಂಸಾರಸ್ಥ ಅಂತ ಸರ್ಟಿಫಿಕೇಟು ಕೊಡೋವಾಗ ಅರ್ಧ ಸಹಿ ಅವರದ್ದು ಇರ್ಬೇಕು.

ಎಂಬತ್ತರ ಹತ್ತಿರ ಬಂದ ಮೇಲೂ ಪಾಪ್ಸ್ ಸೋಲೋ ಆಲ್ಬಮ್ ಮಾಡಿದ್ರು, 1995ರಲ್ಲಿ ಒಂದಕ್ಕೆ ಗ್ರ್ಯಾಮಿ ಬಂತು. 2000ದ ಡಿಸೆಂಬರಲ್ಲಿ ತೀರ್ಕೊಂಡ್ರು, 86 ತುಂಬೋಕೆ ಕೆಲವೇ ದಿನ ಬಾಕಿ ಇತ್ತು. ಕೊನೆಗಾಲದಲ್ಲಿ ರೆಕಾರ್ಡ್ ಮಾಡಿದ್ದ ಹಾಡುಗಳನ್ನ ಮೇವಿಸ್ ಕೈಲಿ ಹಾಕಿಸ್ಕೊಂಡು ಕೇಳಿ, ಇದನ್ನ ಕಳೀಬೇಡ ಅಂತ ಹೇಳಿದ್ರಂತೆ. ಅಪ್ಪ ಹೋದ ಮೇಲೆ ಮೇವಿಸ್‌ಗೆ ಹಾಡೋಕೇ ಮನಸ್ಸಿರಲಿಲ್ಲ, ಏಳು ಹಾಡು ಅಂತ ಎಬ್ಬಿಸಿದ್ದು ಅಕ್ಕ ಇವಾನ್. ಆ ಟೇಪು 'ಡೋಂಟ್ ಲೂಸ್ ದಿಸ್' ಅಂತ ಆಲ್ಬಮ್ ಆಗಿ ಹೊರಬಂದಿದ್ದು 2015ರಲ್ಲಿ. ಅದನ್ನ ಪೂರ್ತಿ ಮಾಡೋಕೆ ಮೇವಿಸ್ ಜೊತೆ ಕೂತಿದ್ದು ವಿಲ್ಕೋ ಅನ್ನೋ ರಾಕ್ ಬ್ಯಾಂಡಿನ ಗಾಯಕ ಜೆಫ್ ಟ್ವೀಡಿ, ಡ್ರಮ್ಸ್ ನುಡಿಸಿದ್ದು ಅವರ ಮಗ ಸ್ಪೆನ್ಸರ್. ಟ್ವೀಡಿ ಮೂಲ ರೆಕಾರ್ಡಿಂಗಿನ ಮೇಲೆ ಪೇರಿಸಿದ್ದನ್ನ ಕಿತ್ತು ಹಾಕಿ ಪಾಪ್ಸ್ ದನಿ, ಗಿಟಾರು ಮುಂದೆ ಬರೋ ಹಾಗೆ ಮಾಡಿದ್ದಾರೆ. ಅದನ್ನ ಕೇಳೋರು ದಯವಿಟ್ಟು 1956ರ 'ಅನ್‌ಕ್ಲೌಡಿ ಡೇ' ಮೊದಲು ಕೇಳಿ, ಇಲ್ಲಾಂದ್ರೆ ಏನನ್ನ ಉಳಿಸ್ಕೊಂಡಿದ್ದಾರೆ ಅಂತ ಗೊತ್ತಾಗಲ್ಲ.