ತೊಟ್ಟಿಗೆ ಗಾಜು ಮುಚ್ಚಬೇಡಿ

ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವ ಅಜ್ಜನ ತೊಟ್ಟಿ ಮನೆಯನ್ನು ಹೋಮ್‌ಸ್ಟೇ ಮಾಡೋಣ ಅಂತ ಅಣ್ಣ ಎರಡು ವರ್ಷದಿಂದ ಹೇಳುತ್ತಿದ್ದಾನೆ. ಅದಕ್ಕೇ ಹೋದ ತಿಂಗಳು ಇಬ್ಬರೂ ತಮಿಳುನಾಡಿನ ಚೆಟ್ಟಿನಾಡಿಗೆ ಹೋಗಿ, ಕಾನಾಡುಕಾತ್ತಾನ್‌ನ ವಿಶಾಲಂ ಹೋಟೆಲಿನಲ್ಲಿ ಎರಡು ರಾತ್ರಿ ಉಳಿದು ಬಂದೆವು. 1930ರ ದಶಕದಲ್ಲಿ ಅಲ್ಲಿನ ವ್ಯಾಪಾರಿ ಸಮುದಾಯದ ಚೆಟ್ಟಿಯಾರ್ ಒಬ್ಬರು ಮಗಳು ವಿಶಾಲಾಕ್ಷಿಗೆಂದು ಕಟ್ಟಿಸಿದ ಮನೆ ಅದು. ಈಗ 15 ಕೋಣೆಗಳ ಹೋಟೆಲು.

ಚೆಟ್ಟಿನಾಡಿನ ಹಳೇ ಮನೆಗಳಲ್ಲಿ ನಾವು ಅಂದುಕೊಳ್ಳುವಂಥ ಬೆಡ್‌ರೂಮ್ ಹೆಚ್ಚಾಗಿ ಇರುತ್ತಿರಲಿಲ್ಲ. ತೊಟ್ಟಿಯ ಸುತ್ತ ಸಾಲಾಗಿ ಚಿಕ್ಕ ಕೋಣೆಗಳು. ಮದುವೆಯಾದ ಒಬ್ಬೊಬ್ಬ ಮಗನ ಸಂಸಾರಕ್ಕೂ ಒಂದೊಂದು, ಪಾತ್ರೆ ಪಗಡ, ಬಟ್ಟೆ, ಒಡವೆ ಇಡಲು. ದಿನದ ಬದುಕೆಲ್ಲ ಜಗುಲಿ, ಪಡಸಾಲೆಯಲ್ಲೇ. ನಮ್ಮ ಮನೆಯೂ ಹಾಗೇ ಅಲ್ವಾ? ಹಾಗಾಗಿ ಇಂಥ ಮನೆ ಹೋಟೆಲ್ ಆಗುವಾಗ ಪರದೆಯ ಬಣ್ಣಕ್ಕಿಂತ ಮೊದಲು ಬರುವ ಪ್ರಶ್ನೆ, ಮಂಚ ಎಲ್ಲಿ ಹಾಕುವುದು, ಬಾತ್‌ರೂಮಿನ ನೀರು ಎಲ್ಲಿಂದ ಎಲ್ಲಿಗೆ ಹರಿಯಬೇಕು ಅನ್ನೋದು.

ಗೋಡೆ ಒಡೆದು ಪೈಪು ಹಾಕಿದರಾಯಿತು ಅಂದುಕೊಂಡಿದ್ದೆ. ಆ ಕಡೆಯ ಗಾರೆಯ ಗೋಡೆ ಮುಟ್ಟಿದ ಮೇಲೆ ಮನಸ್ಸು ಬದಲಾಯಿತು. ಸುಣ್ಣ, ಬೆಲ್ಲ, ಅಳಲೆಕಾಯಿ, ಮೊಟ್ಟೆಯ ಬಿಳಿ ಸೇರಿಸಿ ಪದರ ಪದರವಾಗಿ ಬಳಿದು, ತಿಕ್ಕಿ ತಿಕ್ಕಿ ನುಣುಪು ಮಾಡಿದ್ದು. ಮಧ್ಯಾಹ್ನದ ಬಿಸಿಲಲ್ಲೂ ಕೈಗೆ ತಣ್ಣಗೆ ತಾಗುತ್ತದೆ, ಪೇಂಟೇ ಬೇಡ. ಅದನ್ನು ಕೊರೆದು ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಬರಲಾರದೆ ಸುತ್ತಲಿನ ಗಾರೆಯೂ ಉದುರುತ್ತದೆ.

ನೆಲದ ಬಗ್ಗೆ ಹೇಳದಿದ್ದರೆ ಸಮಾಧಾನವಿಲ್ಲ. ಹತ್ತಿರದ ಆತ್ತಂಗುಡಿಯಲ್ಲಿ ಟೈಲ್ಸ್ ಮಾಡುವುದನ್ನು ಒಂದು ಗಂಟೆ ನಿಂತು ನೋಡಿದೆವು. ಗಾಜಿನ ಹಲಗೆಯ ಮೇಲೆ ಲೋಹದ ಅಚ್ಚಿಟ್ಟು, ಅಚ್ಚಿನ ಒಂದೊಂದು ಖಾನೆಗೂ ಬಣ್ಣದ ಸಿಮೆಂಟ್ ಹುಯ್ದು, ಅಚ್ಚು ತೆಗೆದು, ಮೇಲೆ ಮರಳು ಸಿಮೆಂಟ್ ತುಂಬಿ ಒಣಗಿಸುತ್ತಾರೆ. ಆಮೇಲೆ ನೀರಲ್ಲಿ ನೆನೆಹಾಕುತ್ತಾರೆ. ಬೆಂಕಿಯಲ್ಲಿ ಸುಡುವ ಮಾತೇ ಇಲ್ಲ. ಆ ಹೊಳಪು ಗಾಜಿನಿಂದ ಬಂದದ್ದು, ಓಡಾಡಿದಷ್ಟೂ ಜಾಸ್ತಿಯಾಗುತ್ತದೆ. ಅಂಥ ನೆಲದ ಮೇಲೆ ಕಾರ್ಪೆಟ್ ಹಾಸಲು ಮನಸ್ಸಾದರೂ ಹೇಗೆ ಬರುತ್ತದೆ? ಆಸಿಡ್ ಹಾಕಿ ತೊಳೆಯುವುದಂತೂ ಬೇಡವೇ ಬೇಡ.

ಆದರೆ ಬೇಸರವಾದದ್ದೂ ಇದೆ. ಕಾರೈಕುಡಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಬರ್ಮಾ ತೇಗದ ಕಂಬ, ಕೆತ್ತನೆಯ ಬಾಗಿಲು ರಾಶಿ ಬಿದ್ದಿವೆ. ಚೆಟ್ಟಿಯಾರರು ಬರ್ಮಾದಲ್ಲಿ ಲೇವಾದೇವಿ ಮಾಡಿ ಕಟ್ಟಿದ ಮನೆಗಳವು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಅಲ್ಲಿಗೆ ನುಗ್ಗಿದ ಮೇಲೆ ಆ ಹಣ ಹೋಯಿತು, ಪಾಲುದಾರರು ಹೆಚ್ಚಿದರು, ಎಷ್ಟೋ ಮನೆಗಳನ್ನು ಬಿಚ್ಚಿ ಮಾರಿದರು. ಆ ಕಂಬಗಳು ಎಲ್ಲೆಲ್ಲಿಯೋ ಹೋಟೆಲ್ ಲಾಬಿಗಳಲ್ಲಿ ಏನನ್ನೂ ಹೊರದೆ ನಿಂತಿರುತ್ತವೆ. ಮನೆಯನ್ನೇ ಹೋಟೆಲ್ ಮಾಡಿ ಉಳಿಸುವುದು ಅದಕ್ಕೇ ನನಗೆ ದೊಡ್ಡ ಕೆಲಸ ಅನಿಸುತ್ತದೆ.

ಉಳಿಸುವುದರಲ್ಲೂ ದಾರಿ ತಪ್ಪಬಹುದು. ಹಿಂದೊಮ್ಮೆ ಬೇರೊಂದು ಕಡೆ, ಹೆಸರು ಬೇಡ, ಹಳೇ ಮನೆಯ ಹೋಟೆಲಿನಲ್ಲಿ ಉಳಿದಿದ್ದೆ. ತೊಟ್ಟಿಗೆ ಗಾಜು ಮುಚ್ಚಿ ಎಸಿ ಹಾಕಿದ್ದರು. ನೋಡಲು ಚೆಂದವೇ. ಆದರೆ ಬಿಸಿಗಾಳಿ ಮೇಲೆ ಹೋಗುವ ದಾರಿಯೇ ಬಂದ್. ಕರೆಂಟ್ ಹೋದ ಹತ್ತು ನಿಮಿಷಕ್ಕೆ ಉಸಿರು ಕಟ್ಟಿದಂತಾಯಿತು. ಮಳೆ ಬಂದರೆ ಗಾಜಿನ ಮೇಲೆ ಸದ್ದು ಮಾತ್ರ, ಒಂದು ಹನಿ ಕೆಳಗಿಲ್ಲ.

ಅಣ್ಣನ ಪ್ಲಾನಿನಲ್ಲೂ ಗಾಜಿತ್ತು, ಏಳು ರೂಮುಗಳಿದ್ದವು. ವಾಪಸ್ ಬರುವಾಗ ಬಸ್ಸಿನಲ್ಲೇ ಕೂತು ಎರಡೆರಡು ಚಿಕ್ಕ ಕೋಣೆಗಳನ್ನು ಸೇರಿಸಿ ನಾಲ್ಕು ಮಾಡಿದ. ಬಾತ್‌ರೂಮುಗಳು ಹಿಂದಿನ ದನದ ಕೊಟ್ಟಿಗೆಗೆ ಹೋದವು. ಗಾಜನ್ನು ತಾನೇ ಹೊಡೆದುಹಾಕಿದ.